ಪಟವೂ ಪಾಠವೂ: ಕನ್ನಡ ನೆಲದ ಒಂದು ಕ್ರೈಸ್ತ ವಿವಾದ



ಹುಲಿಕಲ್ಲಿನ ಈ ದತ್ತಿ ಉಪನ್ಯಾಸದ ವಿಷಯ ಕಥೋಲಿಕರ ಮತ್ತು ಪ್ರೊಟೆಸ್ಟೆಂಟರ ನಡುವಿನ ವಿವಾದ.  1517ರಲ್ಲಿ ಲೂಥರನು ಎತ್ತಿದ ತಕರಾರು, 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆ, ಕಥೋಲಿಕರ ಬೈಬಲಿನಲ್ಲಿ 73 ಗ್ರಂಥಗಳಿದ್ದರೆ ಪ್ರೊಟೆಸ್ಟೆಂಟರಲ್ಲಿ 66 ಮಾತ್ರ ಇರುವುದು, ಇವೆಲ್ಲ ಯಾವ ಚರಿತ್ರೆಯ ಪುಸ್ತಕದಲ್ಲಾದರೂ ಸಿಗುತ್ತವೆ. ನಾನು ಹೇಳಹೊರಟದ್ದು ಬೇರೆ. ಮೂರ್ತಿ, ಪಟ, ಸಂತರ ಗೌರವಗಳ ಬಗ್ಗೆ ಈ ಎರಡು ಪಂಗಡಗಳು ಆಡಿದ ಜಗಳ ಮೂಲತಃ ಮೂರ್ತಿಯ ಜಗಳವೇ ಅಲ್ಲ. ವೇದವಾಕ್ಯಕ್ಕೆ ಅರ್ಥ ಹೇಳುವ ಅಧಿಕಾರ ಯಾರದು ಎಂಬ ಜಗಳ ಅದು. ಇದಕ್ಕೆ ಒಳ್ಳೆಯ ಸಾಕ್ಷ್ಯ ಕನ್ನಡ ನಾಡಿನಲ್ಲೇ ಇದೆ.

ಹುಲಿಕಲ್ ಘಾಟಿಯ ಮೇಲಿನ ಬಿದನೂರಿನಿಂದ ಆಳುತ್ತಿದ್ದ ಕೆಳದಿ ಅರಸರು 1678ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ಮಿರ್ಜಾನ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅವಕಾಶ ಕೊಟ್ಟಿದ್ದರು. ಪ್ರೊಟೆಸ್ಟೆಂಟರಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಆ ಹೊತ್ತಿಗೆ ಕರಾವಳಿಯ ಕಥೋಲಿಕರ ಹಬ್ಬ, ಮೆರವಣಿಗೆಗಳು ಈ ಮಣ್ಣಿನಲ್ಲಿ ಬೇರುಬಿಟ್ಟು ತಲೆಮಾರುಗಳೇ ಕಳೆದಿದ್ದವು.

ಆದರೆ ವಾದ ಕಾವೇರಿದ್ದು ಮೈಸೂರಿನ ಕಡೆಯಿಂದ. ಶ್ರೀರಂಗಪಟ್ಟಣದ ಪತನದ ನಂತರ ಆ ಸೀಮೆಯಲ್ಲಿ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1823ರಲ್ಲಿ ಲಂಡನ್ನಿನಲ್ಲಿ ಪತ್ರರೂಪದ ಪುಸ್ತಕವೊಂದನ್ನು ಅಚ್ಚುಹಾಕಿಸಿದರು. ಬೈಬಲನ್ನು ದೇಶಭಾಷೆಗೆ ತಿರುಗಿಸಿ ಹಾಗೇ ಜನರ ಕೈಗಿಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂಬುದು ಅವರ ವಾದ. ದಾರಿತಪ್ಪಿದ ಮಗ ಮನೆಗೆ ಬಂದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುವ ಕಥೆಯನ್ನು ಇಲ್ಲಿನ ಓದುಗ ಹೇಗೆ ಸಹಿಸಿಯಾನು ಎಂದು ಅವರು ಕೇಳಿದರು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರೊಟೆಸ್ಟೆಂಟರು ಒಂದೊಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಕೆಲಸವನ್ನು ನಿಲ್ಲಿಸಲಿಲ್ಲ. 1831ರ ಹೊತ್ತಿಗೆ ಅದು ಪೂರ್ತಿಯಾಯಿತು. ದ್ಯುಬುವಾ ಅವರ ಎಚ್ಚರಿಕೆಯಲ್ಲಿ ಹುರುಳಿತ್ತು, ತೀರ್ಮಾನದಲ್ಲಿ ಇರಲಿಲ್ಲ. ಓದುಗನಿಗೆ ವಿವರಣೆ ಬೇಕು ಎಂಬುದರಿಂದ ಅವನಿಗೆ ಪುಸ್ತಕವೇ ಬೇಡ ಎಂದಾಗುವುದಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೇ ಬೈಬಲ್ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ಸಿಗಬೇಕೆಂದು ಸಾರಿತು. ಈ ಒಂದು ಅಂಶದಲ್ಲಿ ಗೆಲುವು ಬಳ್ಳಾರಿಯದು.

ಹಾಗೆಂದು ಪ್ರೊಟೆಸ್ಟೆಂಟರು ಗ್ರಂಥವೊಂದನ್ನೇ ನೆಚ್ಚಿದವರು, ಪಟದ ಹಂಗಿಲ್ಲದವರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಸೆಲ್ ಮಿಷನ್ನಿನವರು ಕನ್ನಡದಲ್ಲಿ ಹಂಚಿದ 'ಹೃದಯದರ್ಪಣ'ವನ್ನು ತೆರೆದು ನೋಡಿ. ಮನುಷ್ಯನ ಹೃದಯದ ದೊಡ್ಡ ಚಿತ್ರ, ಅದರೊಳಗೆ ಗರ್ವಕ್ಕೆ ನವಿಲು, ಹೊಟ್ಟೆಬಾಕತನಕ್ಕೆ ಹಂದಿ, ಅಸೂಯೆಗೆ ಹಾವು, ಸೋಮಾರಿತನಕ್ಕೆ ಆಮೆ. ಪಶ್ಚಾತ್ತಾಪ ಹುಟ್ಟಿದೊಡನೆ ಆ ಪ್ರಾಣಿಗಳು ಹೊರಗೋಡುತ್ತವೆ. ಇದರ ಮೂಲ ಗೋಸ್ನರ್ ಎಂಬುವರು 1812ರಲ್ಲಿ ಜರ್ಮನಿಯಲ್ಲಿ ಹೊರತಂದ ಪುಸ್ತಿಕೆ. ಆಗ ಗೋಸ್ನರ್ ಕಥೋಲಿಕ ಪಾದ್ರಿ, ಪ್ರೊಟೆಸ್ಟೆಂಟರಾದದ್ದು 1826ರಲ್ಲಿ. ಚಿತ್ರಗಳಂತೂ ಅದಕ್ಕಿಂತ ಹಳೆಯ ಫ್ರೆಂಚ್ ಕಥೋಲಿಕ ಪರಂಪರೆಯವು. ಪಟ ತೋರಿಸಿ ಪಾಠ ಹೇಳುವ ಕಥೋಲಿಕ ಕ್ರಮವೇ ಮಂಗಳೂರಿನ ಪ್ರೊಟೆಸ್ಟೆಂಟರ ಚೀಲ ಸೇರಿ ಊರೂರು ಸುತ್ತಿತು. ಆ ಪಟಕ್ಕೆ ಯಾರೂ ಕೈಮುಗಿಯಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಬೈಬಲ್ ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುತ್ತದೆ, ನಡುವೆ ಯಾರೂ ಬೇಡ ಎಂಬ ಘೋಷಣೆ ಅಲ್ಲಿಗೆ ಮುಗಿಯಿತು. ನಡುವೆ ನಿಂತು ಅರ್ಥ ಹೇಳುವವರು ಎರಡೂ ಕಡೆ ಇದ್ದರು.

ಕಥೋಲಿಕರು ಎರಡನೆಯ ಆಜ್ಞೆಯನ್ನೇ ಕದ್ದರು ಎಂಬ ಹಳೆಯ ದೂರು ಇನ್ನೂ ಹಗುರ. ವಿಗ್ರಹ ಮಾಡಬೇಡ ಎಂಬುದನ್ನು ಕಾಲ್ವಿನನ ಹಾದಿಯವರು ಪ್ರತ್ಯೇಕ ಆಜ್ಞೆಯಾಗಿ ಎಣಿಸುತ್ತಾರೆ. ಸಂತ ಅಗಸ್ಟೀನರ ಎಣಿಕೆಯನ್ನು ಹಿಡಿದ ಕಥೋಲಿಕರು ಅದನ್ನು ಮೊದಲನೆಯದರಲ್ಲೇ ಸೇರಿಸುತ್ತಾರೆ. ಮಕ್ಕಳಿಗೆ ಬಾಯಿಪಾಠ ಮಾಡಿಸುವ ಚಿಕ್ಕ ರೂಪದಲ್ಲಿ ವಿಗ್ರಹದ ಮಾತು ಕಾಣುವುದಿಲ್ಲ ನಿಜ. ಲೂಥರನ ಕಿರು ಧರ್ಮೋಪದೇಶದಲ್ಲೂ ಅದು ಇಲ್ಲ. ಬಾಸೆಲ್ ಮಿಷನ್ನಿಗೆ ಲೂಥರನ ಅನುಯಾಯಿಗಳೂ ಸ್ವಿಸ್ ಸುಧಾರಿತ ಪಂಥದವರೂ ಬಂದು ಸೇರಿದ್ದರು. ಇದು ಕಳವಾಗಿದ್ದರೆ ಲೂಥರನೂ ಪಾಲುದಾರ.

ಇನ್ನು ವಾಕ್ಯಗಳನ್ನೇ ನೋಡೋಣ. ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ ದೇವರ ಅಪ್ಪಣೆಯಂತೆ ಮೋಶೆ ಕಂಚಿನ ಸರ್ಪ ಮಾಡಿಸಿದ. ಅದನ್ನು ನೋಡಿದವರು ಬದುಕಿದರು. ಕಥೋಲಿಕರು ಇದನ್ನು ಎತ್ತಿ ತೋರಿಸುತ್ತಾರೆ. ಅರಸುಗಳ ಎರಡನೆಯ ಗ್ರಂಥದಲ್ಲಿ ಜನ ಅದೇ ಸರ್ಪಕ್ಕೆ ಧೂಪ ಹಾಕತೊಡಗಿದಾಗ ಹಿಜ್ಕೀಯ ರಾಜ ಅದನ್ನು ಒಡೆದು ಹಾಕಿದ. ಪ್ರೊಟೆಸ್ಟೆಂಟರ ಬೆರಳು ಅಲ್ಲಿಗೆ ಹೋಗುತ್ತದೆ. ಸರ್ಪ ಒಂದೇ. ಗೌರವ ಎಲ್ಲಿ ಮುಗಿದು ಆರಾಧನೆ ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ವಾಕ್ಯ ತಾನಾಗಿ ಎಳೆಯುವುದಿಲ್ಲ. 787ರ ನೈಸೀಯ ಸಭೆ ಆ ಗೆರೆ ಎಳೆಯಿತು. ಸಭೆಗೆ ಆ ಅಧಿಕಾರವಿತ್ತೇ ಎಂಬುದೇ ನಿಜವಾದ ಪ್ರಶ್ನೆ.

ಕರಾವಳಿಯ ಕಥೋಲಿಕರ ತೆನೆ ಹಬ್ಬದ ಮಾತು ಈ ಸೀಮೆಗೆ ಹತ್ತಿರದ್ದು. ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಸೆಪ್ಟೆಂಬರ್ 8ರಂದು ಪಾದ್ರಿಗಳು ಹರಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ ಬಾಳೆಲೆಯ ಮುಂದೆ ಎಲ್ಲರೂ ಕೂರುತ್ತಾರೆ. ಇದು ನೆರೆಹೊರೆಯ ಹೊಸತಿನ ಹಬ್ಬದ ಪಳೆಯುಳಿಕೆ ಎಂದು ಟೀಕಾಕಾರರು ಹೇಳುತ್ತಾರೆ. ರೂಪ ಇಲ್ಲಿಯದೇ ಇರಬಹುದು. ಆದರೆ ಪ್ರಥಮಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರಬೇಕೆಂಬ ವಿಧಿ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿಯೇ ಇದೆ. ಹಾಗಿರುವಾಗ ಹಬ್ಬವನ್ನೇ ಮೂರ್ತಿಪೂಜೆ ಎಂದು ತಳ್ಳುವುದು ಅವಸರದ ತೀರ್ಪು. ಕಥೋಲಿಕರೂ ಒಂದು ಮಾತು ಒಪ್ಪಬೇಕು: ಸಭೆಗಳು ಎಳೆದ ಗೆರೆಯನ್ನು ಜನರ ಭಕ್ತಿ ಎಷ್ಟೋ ಸಲ ದಾಟಿದೆ. 1563ರಲ್ಲಿ ಟ್ರೆಂಟ್ ಸಭೆಯೇ ಮೂಢನಂಬಿಕೆಯ ವಿರುದ್ಧ ಎಚ್ಚರಿಸಿತ್ತು. ಇಲ್ಲಿನ ಮೆರವಣಿಗೆಗಳ ಗದ್ದಲ ಕಂಡು ದ್ಯುಬುವಾ ಅವರೂ ಮುಜುಗರಪಟ್ಟಿದ್ದರು.

ಎದುರಾಳಿಯ ಮಾತನ್ನು ಅವನ ಬಾಯಿಂದಲೇ ಕೇಳಬೇಕೆಂಬ ಉದ್ದೇಶದಿಂದ ಇಂಥ ದತ್ತಿಗಳು ಹುಟ್ಟಿವೆ. ಈ ದತ್ತಿಗೆ ಹೆಸರಾದ ಹಿರಿಯರ ನೆನಪಿನಲ್ಲಿ ಒಂದು ಬೇಡಿಕೆ ಇಡುತ್ತೇನೆ: ದ್ಯುಬುವಾ ಅವರ ಪತ್ರಗಳನ್ನೂ ಹಫ್ ಅವರ ಉತ್ತರವನ್ನೂ ಕನ್ನಡಕ್ಕೆ ತಂದು, ಒಂದೇ ರಟ್ಟಿನೊಳಗೆ ಅಚ್ಚುಹಾಕುವ ಕೆಲಸವನ್ನು ಈ ದತ್ತಿ ಕೈಗೆತ್ತಿಕೊಳ್ಳಲಿ.