ಕಾಮಾಗೆ ಮೀರಿದ ಕೆಲಸ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯಿಂದ ಕಮಲಾಪುರದ ಈ ಸಮಾವೇಶಕ್ಕೆ ಬಂದಿರುವ ಇಂಗ್ಲಿಷ್ ಶಿಕ್ಷಕ ಶಿಕ್ಷಕಿಯರೇ,

ಊಟಕ್ಕೆ ಮುಂಚಿನ ಕೊನೆಯ ಭಾಷಣ ಇದು. ಹಾಗಾಗಿ ಒಂದೇ ವಿಷಯ ಹಿಡಿದಿದ್ದೇನೆ: ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುವ ರನ್-ಆನ್ ವಾಕ್ಯ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿತ ಮಕ್ಕಳೂ ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಸ್ಪೆಲಿಂಗ್ ಸುಧಾರಿಸಿಕೊಂಡಿರುತ್ತಾರೆ, ಈ ತಪ್ಪನ್ನು ಮಾತ್ರ ಬಿಟ್ಟಿರುವುದಿಲ್ಲ.

ನೀವೆಲ್ಲ ನೋಡಿರುವ ಸಾಲು: 'ಐ ಗಾಟ್ ಅಪ್, ಐ ವಾಶ್ಡ್ ಮೈ ಫೇಸ್, ಐ ಏಟ್ ರೊಟ್ಟಿ, ಐ ಕೇಮ್ ಟು ಸ್ಕೂಲ್.' ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತೇವೆ. ಮಗುವಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಅದರ ತಲೆಯಲ್ಲಿರುವ ಕನ್ನಡ ಸರಿಯಾಗಿಯೇ ಇದೆ: 'ಎದ್ದು, ಮುಖ ತೊಳೆದು, ರೊಟ್ಟಿ ತಿಂದು ಶಾಲೆಗೆ ಬಂದೆ.' ನಾಲ್ಕು ಕೆಲಸ, ಪೂರ್ಣ ಕ್ರಿಯಾಪದ ಒಂದೇ. ಇಂಗ್ಲಿಷಿಗೆ ಹೋದಾಗ ನಾಲ್ಕೂ ಪೂರ್ಣವಾದವು, ನಾಲ್ಕಕ್ಕೂ ಕರ್ತೃ ಬಂತು, ನಡುವೆ ಕನ್ನಡದ ಕಾಮಾ ಮಾತ್ರ ಹಾಗೇ ಉಳಿಯಿತು.

ಆ ಕಾಮಾ ಕನ್ನಡಕ್ಕೂ ಹಳೆಯದೇನಲ್ಲ. ಇಲ್ಲೇ ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಶಕ ವರ್ಷ 1430ರ ಶಾಸನವಿದೆ. ಅದರಲ್ಲಿ ನಮ್ಮ ಕಾಮಾ, ಫುಲ್‌ಸ್ಟಾಪ್ ಹುಡುಕಿದರೆ ಸಿಗುವುದಿಲ್ಲ. ಕನ್ನಡ ಗದ್ಯಕ್ಕೆ ಅವು ಅಷ್ಟಾಗಿ ಬೇಕೂ ಇರಲಿಲ್ಲ. ಕ್ರಿಯಾಪದ ಕೊನೆಗೆ ಬರುವುದರಿಂದ 'ಕೊಟ್ಟರು' ಎಂದ ಕೂಡಲೇ ವಾಕ್ಯ ಮುಗಿಯಿತೆಂದು ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನ ಕ್ರಿಯಾಪದ ನಡುವೆ ಕೂರುತ್ತದೆ. ಮುಗಿದ ಜಾಗವನ್ನು ಚಿಹ್ನೆಯೇ ಹೇಳಬೇಕು. ಆದ್ದರಿಂದ 'ಉಸಿರು ನಿಲ್ಲಿಸುವಲ್ಲಿ ಕಾಮಾ ಹಾಕು' ಎಂಬ ನಮ್ಮ ಹಳೆಯ ಪಾಠವೇ ಅರ್ಧ ತಪ್ಪಿಗೆ ಕಾರಣ.

ಹಾಗಾದರೆ ತಿದ್ದಿಸುವುದು ಹೇಗೆ? ಮೊದಲು ಕರ್ತೃ, ಕ್ರಿಯಾಪದಗಳಿಗೆ ಗೆರೆ ಎಳೆಸಿ. ಸ್ವಂತ ಕಾಲ ಮೇಲೆ ನಿಲ್ಲುವ ಎರಡು ವಾಕ್ಯಗಳ ನಡುವೆ ಬರೀ ಕಾಮಾ ಇದ್ದರೆ, ಅಥವಾ ಏನೂ ಇಲ್ಲದಿದ್ದರೆ, ಅದು ರನ್-ಆನ್. ಮೇಲಿನ ಸಾಲಿನಲ್ಲಿ ಕರ್ತೃ ಒಬ್ಬನೇ. ಮೊದಲನೆಯದು ಬಿಟ್ಟು ಉಳಿದ 'ಐ'ಗಳನ್ನು ಹೊಡೆದುಹಾಕಿ, ಕೊನೆಗೆ ಒಂದು 'ಅಂಡ್' ಸೇರಿಸಿದರೆ ಅದೇ ಕಾಮಾಗಳು ಸರಿಯಾಗುತ್ತವೆ. ಕರ್ತೃ ಬೇರೆಯಾದಾಗ ಕನ್ನಡವನ್ನೇ ಕೇಳಿ. 'ದಿ ಬಸ್ ಕೇಮ್ ಲೇಟ್, ಐ ಮಿಸ್ಡ್ ದಿ ಪ್ರೇಯರ್' ಎಂದು ಬರೆದ ಹುಡುಗಿಗೆ 'ಕನ್ನಡದಲ್ಲಿ ಹೇಳಮ್ಮ' ಎನ್ನಿ. 'ಬಸ್ಸು ತಡವಾಗಿ ಬಂದಿದ್ದರಿಂದ' ಎನ್ನುತ್ತಾಳೆ. ಆ 'ಇಂದ'ವೇ 'ಬಿಕಾಸ್'. 'ಬಂದರೂ' ಎಂದರೆ 'ಆಲ್ದೋ', 'ಬಂದಾಗ' ಎಂದರೆ 'ವೆನ್'. ಯಾವುದೂ ಹೊಂದದಿದ್ದರೆ ಫುಲ್‌ಸ್ಟಾಪ್ ಇದ್ದೇ ಇದೆ. ಸೆಮಿಕೋಲನ್ ಕಾಲೇಜಿನವರೆಗೆ ಕಾಯಲಿ.

ಉದ್ದದ ವಾಕ್ಯವೆಲ್ಲ ರನ್-ಆನ್ ಎಂದು ಹೇಳಿಕೊಡಬೇಡಿ. 'ಇಟ್ ಈಸ್ ಹಾಟ್ ಲೆಟ್ ಅಸ್ ಗೋ' ಎಂಬ ಆರೇ ಪದಗಳಲ್ಲೂ ಆ ತಪ್ಪಿದೆ. ಇನ್ನು 'ಐ ಕೇಮ್, ಐ ಸಾ, ಐ ಕಾಂಕರ್ಡ್' ಎಂಬ ಸೀಸರನ ಆ ಹೆಸರಾಂತ ಮೂರು ತುಣುಕಿನ ಮಾತನ್ನು ಇಂಗ್ಲಿಷಿನವರು ಕಾಮಾದಲ್ಲೇ ಬರೆಯುತ್ತಾರಲ್ಲ ಎಂದು ಜಾಣ ಹುಡುಗನೊಬ್ಬ ಕೇಳಿದರೆ, ಗದರಬೇಡಿ. ಒಂದೇ ಅಚ್ಚಿನ ಪುಟ್ಟ ವಾಕ್ಯಗಳಿಗೆ ಆ ಸಲಿಗೆ ಉಂಟೆಂದು ಒಪ್ಪಿಕೊಳ್ಳಿ. ಪರೀಕ್ಷೆಯಲ್ಲಿ ಮಾತ್ರ ಬೇಡ ಎನ್ನಿ.

ನನ್ನದೊಂದು ಕೋರಿಕೆ. ಮುಂದಿನ ಸಮಾವೇಶಕ್ಕೆ ಬರುವಾಗ ಪ್ರತಿ ಶಾಲೆಯವರೂ ಮಕ್ಕಳೇ ಬರೆದ ಹತ್ತು ವಾಕ್ಯಗಳನ್ನು, ಮಕ್ಕಳ ಹೆಸರಿಲ್ಲದೆ, ತಿದ್ದದೆ ತನ್ನಿ. ಭಾಷಣ ಕಡಿಮೆ ಮಾಡಿ ಅವುಗಳ ಮುಂದೆ ಕೂರೋಣ.