ಕಲಿಕೆಯ ಹೆಸರಿನಲ್ಲಿ ಬಿಟ್ಟಿ ಚಾಕರಿ ಬೇಡ

(ಬನಶಂಕರಿಯಲ್ಲಿ ನಡೆದ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಮಾಡಿದ ಭಾಷಣ)



1961ರಲ್ಲಿ ನಮ್ಮ ಸಂಸತ್ತು ಮಾಡಿದ ಎರಡು ಕಾಯಿದೆಗಳನ್ನು ಇಂದು ನೆನಪಿಸಬೇಕಾಗಿದೆ. ಒಂದು ವರದಕ್ಷಿಣೆ ನಿಷೇಧ ಕಾಯಿದೆ. ಅದು ನಿಮಗೆಲ್ಲ ಗೊತ್ತು. ಇನ್ನೊಂದು ಅಪ್ರೆಂಟಿಸ್ ಕಾಯಿದೆ. ಕೆಲಸ ಕಲಿಯಲು ಬಂದವರ ಜೊತೆ ಬರವಣಿಗೆಯಲ್ಲಿ ಕರಾರಾಗಬೇಕು, ಅವರಿಗೆ ಭತ್ಯೆ ಕೊಡಬೇಕು ಎನ್ನುವ ಕಾಯಿದೆ ಅದು. ಇದರ ಮಾತು ನಮ್ಮ ಸಭೆಗಳಲ್ಲಿ ಬರುವುದೇ ಇಲ್ಲ. ಮಗಳ ಮದುವೆಯ ಖರ್ಚು ನಮಗೆ ಬಾಯಿಪಾಠ. ಅವಳು ಒಂದು ಕಸುಬು ಕಲಿಯಲು ಏನು ಬೇಕು ಎಂಬ ಲೆಕ್ಕವನ್ನು ಮಾತ್ರ ನಾವು ಹಾಕುವುದಿಲ್ಲ.

ಜಯನಗರ, ಜೆ.ಪಿ. ನಗರಗಳ ಮನೆಗಳ ಮಹಡಿಯ ಮೇಲೆ ಸಣ್ಣ ಸಣ್ಣ ಆಫೀಸುಗಳಿವೆ. ಜಾಹೀರಾತು, ಪುಸ್ತಕದ ವಿನ್ಯಾಸ, ಅನಿಮೇಷನ್, ವಿಡಿಯೋ ಎಡಿಟಿಂಗ್ ಮಾಡುವ ಹತ್ತಾರು ಜನ ಅಲ್ಲಿರುತ್ತಾರೆ. ಇಂಟರ್ನ್‌ಶಿಪ್ ಎಂದು ಅಲ್ಲಿಗೆ ಕಲಿಯಲು ಹೋಗುವವರು ಹೆಚ್ಚಾಗಿ ಪರಿಚಯದವರ ಮಕ್ಕಳು, ಆರು ತಿಂಗಳು ಸಂಬಳವಿಲ್ಲದಿದ್ದರೂ ಊಟಕ್ಕೆ ತೊಂದರೆ ಇಲ್ಲದವರು. ಕೆಳಗಿನ ಮನೆಯಲ್ಲಿ ಪಾತ್ರೆ ತೊಳೆಯುವವಳ ಮಗಳು ಆ ಮಹಡಿ ಹತ್ತುವುದಿಲ್ಲ. ಬೇಡವೆಂದು ಯಾರೂ ಹೇಳಿಲ್ಲ, ಬಾ ಎಂದೂ ಕರೆದಿಲ್ಲ.

ಈಗ ಕೆಲವರು ಕರೆಯುತ್ತಿದ್ದಾರೆ. ಸಂತೋಷ. ಆದರೆ ನನ್ನ ಅನುಭವ ಕೇಳಿ. ಬಿ.ಟಿ.ಎಂ. ಲೇಔಟ್ ಕಡೆಯ ಗಾರ್ಮೆಂಟ್ಸ್ ಕೆಲಸಗಾರ್ತಿಯೊಬ್ಬಳ ಮಗಳು ನನ್ನ ವಿದ್ಯಾರ್ಥಿನಿ. ಚಿತ್ರ ಬರೆಯುವುದರಲ್ಲಿ ಒಳ್ಳೆಯ ಕೈ. ಬಡ ಹುಡುಗಿಯರಿಗೆ ಅವಕಾಶ ಕೊಡುತ್ತೇವೆ ಎಂದ ಒಂದು ಆಫೀಸಿಗೆ ನಾನೇ ಕಳಿಸಿದೆ. ಐದು ತಿಂಗಳು ಅವಳು ಚಹಾ ತಂದಳು, ಜೆರಾಕ್ಸ್ ಮಾಡಿಸಿದಳು. ಎಲ್ಲರ ಜೊತೆ ನಿಲ್ಲಿಸಿ ಅವಳ ಫೋಟೋ ತೆಗೆದರು. ಅವಳ ಚಿತ್ರವನ್ನು ಒಬ್ಬರೂ ನೋಡಲಿಲ್ಲ. ಬಸ್ಸಿನ ಖರ್ಚು ತಾಯಿಯದು. ಕೊನೆಗೆ ಒಂದು ಸರ್ಟಿಫಿಕೇಟ್ ಕೊಟ್ಟರು. ‘ಇದರಿಂದ ಏನು ಬಂತು?’ ಎಂದು ಮನೆಯವರು ಕೇಳಿದರು. ತಾಯಿ ಸಾಲ ಮಾಡಿ ಮದುವೆ ಮಾಡಿದಳು. ಆ ಮದುವೆಯಲ್ಲಿ ನಾನೂ ಉಂಡು ಬಂದೆ. ಏನು ಕಲಿಸುತ್ತೀರಿ, ಎಷ್ಟು ಕೊಡುತ್ತೀರಿ ಎಂದು ಮೊದಲೇ ಕೇಳದಿದ್ದ ತಪ್ಪು ನನ್ನದು.

ಈಗ ನಾವು ಕೇಳಬೇಕು.

ಮೊದಲನೆಯದು ದುಡ್ಡು. 30ಕ್ಕಿಂತ ಕಡಿಮೆ ಜನರಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಲ್ಲ. ಆದರೆ 4 ಜನರಿದ್ದರೂ ಇಷ್ಟಪಟ್ಟು ತೆಗೆದುಕೊಳ್ಳಬಹುದು. 2019ರ ನಿಯಮದಲ್ಲಿ ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಕನಿಷ್ಠ ಭತ್ಯೆ ಎಂದು ಗೊತ್ತುಮಾಡಿದರು. ಅದರಲ್ಲಿ ಕಾಲುಭಾಗವನ್ನು, 1,500 ರೂಪಾಯಿವರೆಗೆ, ಸರ್ಕಾರವೇ ಭರಿಸುವ ಯೋಜನೆ 2016ರಲ್ಲೇ ಬಂತು. ಕರಾರು ನೋಂದಣಿಯಾದರೆ ಮಾತ್ರ ಇವೆಲ್ಲ ಸಿಗುತ್ತವೆ. ಬರೀ ಬಾಯಿಮಾತಿಗೆ ಸಿಗುವುದಿಲ್ಲ.

ಎರಡನೆಯದು ಕಲಿಕೆ. ಯಾರು ಕಲಿಸುತ್ತಾರೆ, ಯಾವ ತಿಂಗಳು ಏನು ಎಂದು ಕಾಗದದ ಮೇಲಿರಲಿ. ಮುಗಿಸಿ ಬರುವಾಗ ‘ಇದು ನಾನು ಮಾಡಿದ್ದು’ ಎಂದು ಬೇರೆ ಕಡೆ ತೋರಿಸಲು ಅವಳ ಕೈಯಲ್ಲಿ ಕೆಲಸವಿರಬೇಕು.

ಮೂರನೆಯದು ಆಯ್ಕೆ. ಪ್ರಕಟಣೆ ಕನ್ನಡದಲ್ಲಿ ಸರ್ಕಾರಿ ಕಾಲೇಜಿಗೂ ನಮ್ಮ ಗುಂಪುಗಳಿಗೂ ಬರಲಿ. ಹುಡುಗಿಯ ಇಂಗ್ಲಿಷ್ ಅಲ್ಲ, ಕೈಕೆಲಸ ನೋಡಲಿ.

ನಾಲ್ಕನೆಯದು ರಕ್ಷಣೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಕಲಿಯಲು ಬಂದವಳಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ದುಡಿಯುವ ಹೆಣ್ಣಿಗೆ ಏಟು ಬೀಳುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬೀಳುತ್ತದೆ. ಆದರೆ ಆ ಮನೆ ಬಿಟ್ಟು ಬರಬೇಕಾದಾಗ ಕೈಯಲ್ಲಿ ಕಸುಬಿದ್ದವಳಿಗೆ ನಾಳೆ ಏನು ಎಂಬ ಭಯ ಸ್ವಲ್ಪ ಕಡಿಮೆ.

ಗಂಡಿನ ಮನೆ ನೋಡಲು ಹತ್ತು ಜನ ಹೋಗುತ್ತೇವೆ. ಮಗಳು ಕೆಲಸ ಕಲಿಯುವ ಜಾಗ ನೋಡಲು ಗುಂಪಿನಿಂದ ಇಬ್ಬರಾದರೂ ಹೋಗೋಣ.