ಹೊರಗಿನ ಕಪ್ಪು

(ಬೀದರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಭಾಲ್ಕಿ, ಔರಾದ ಕಡೆಯಿಂದ ಬಂದ ನಿಮಗೆ ಹೊರಗಿನ ಕಪ್ಪು ಅಂದರೆ ಏನಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಔರಾದ ತಾಲೂಕಿನ ನಮ್ಮೂರ ಹೋಟೆಲಿನ ತಟ್ಟಿಗೆ ಅದನ್ನು ಸಿಗಿಸಿರುತ್ತಿದ್ದರು. ನಾವೇ ತೆಗೆದುಕೊಳ್ಳಬೇಕು, ಕುಡಿದು ನಾವೇ ತೊಳೆದಿಡಬೇಕು. ಒಂದು ದಿನ ನಮ್ಮ ಕಾಕಾ ಅದನ್ನು ಮುಟ್ಟಲಿಲ್ಲ. "ನನ್ನ ರೊಕ್ಕ ಒಳಗಿನ ಗಲ್ಲಾಕ್ಕ ಹೋಗ್ತದಲ್ರೀ ಸಾವ್ಕಾರ್ರ, ಚಹಾನೂ ಒಳಗಿನ ಕಪ್ಪಿನ್ಯಾಗ ಕೊಡ್ರಿ" ಅಂದ. ಕೊಡಲಿಲ್ಲ. ಮರುದಿನದಿಂದ ಅವನನ್ನು ಹೊಲದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ತಿಂಗಳೊಳಗೆ ಕೂಲಿ ಹುಡುಕಿಕೊಂಡು ಹೈದರಾಬಾದಿಗೆ ಹೋದ. "ಒಬ್ಬನ ಕೈಲಿ ಏನಾಗ್ತದ?" ಅಂತ ಕೇರಿಯವರು ಅಂದರು. ನಾನೂ ಮರುದಿನ ಅದೇ ಹೊರಗಿನ ಕಪ್ಪಿನಲ್ಲಿ ಚಹಾ ಕುಡಿದೆ.

ಒಬ್ಬನ ಕೈಲಿ ಏನಾಗ್ತದ? ಈ ಪ್ರಶ್ನೆ ಹೊತ್ತುಕೊಂಡೇ ನಾನು ಅಮೆರಿಕದ ಮಾಂಟ್‌ಗೊಮರಿ ಊರಿನ ಚರಿತ್ರೆ ಓದಿದೆ. ಅಲ್ಲಿನ ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕರಿಯರಿಗೆ. ಮುಂದೆ ತುಂಬಿದರೆ ಕರಿಯರು ಎದ್ದು ಜಾಗ ಬಿಡಬೇಕು. 1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಏಳಲ್ಲ ಅಂದಳು. ಪೊಲೀಸರು ಎಳೆದೊಯ್ದರು. ಬಸ್ಸು ಮಾತ್ರ ಹಾಗೇ ಓಡಿತು. ಡಿಸೆಂಬರ್ 1ರಂದು ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಕೂಡ ಏಳಲಿಲ್ಲ. ಆಕೆ ಕರಿಯರ ಹಕ್ಕಿನ ಸಂಘದಲ್ಲಿ ವರ್ಷಗಟ್ಟಲೆ ದುಡಿದಾಕೆ. ಅದೇ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ, ಇಬ್ಬರು ವಿದ್ಯಾರ್ಥಿಗಳನ್ನೂ ಜೊತೆಗೆ ಕಟ್ಟಿಕೊಂಡು, ಸ್ಟೆನ್ಸಿಲ್ ಮಾಡಿ ಬೆಳಗಾಗುವುದರೊಳಗೆ ಹತ್ತಾರು ಸಾವಿರ ಕರಪತ್ರ ತೆಗೆದರು. ಈ ನಮ್ಮ ಪತ್ರಿಕೆ ತೆಗೆದ ಹಾಗೆಯೇ. ಸೋಮವಾರ ಬಸ್ಸು ಹತ್ತಬೇಡಿ ಅಂತ ಅದರಲ್ಲಿ ಬರೆದಿತ್ತು. ಕರಿಯರು 381 ದಿನ ಬಸ್ಸು ಹತ್ತಲಿಲ್ಲ. ನಡೆದರು. ಬಸ್ಸಿನ ಭೇದ ಮುರಿದ ದಾವೆ ಹಾಕಿದವರಲ್ಲಿ ಆ 15 ವರ್ಷದ ಹುಡುಗಿಯೂ ಇದ್ದಳು. ಮಾರ್ಚಿನಲ್ಲಿ ಒಂಟಿಯಾಗಿದ್ದ ಅವಳ ಮಾತು 1956ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿ ಗೆದ್ದಿತು.

ಅದೇ 1955ರಲ್ಲಿ ನಮ್ಮ ದೇಶದಲ್ಲೂ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು. ಹೋಟೆಲಿನಲ್ಲಿ ನಮಗೆ ಕಪ್ಪು ಬೇರೆ ಮಾಡುವುದು ಅಂದಿನಿಂದ ಅಪರಾಧ. ಕಾಯ್ದೆ ಪುಸ್ತಕದಲ್ಲಿತ್ತು, ಕಪ್ಪು ತಟ್ಟಿಯಲ್ಲಿತ್ತು. ನಡುವೆ ನಿಂತವನು ಕಾಕಾ ಒಬ್ಬನೇ.

ಇನ್ನು ನಮ್ಮ ರಾಜ್ಯದ ಮಾತು. ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಅಂದರು. ಗಲಭೆ ಎದ್ದಿತು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಪದವಿ ಹೋಯಿತು, ಮಾತು ಹೋಗಲಿಲ್ಲ. ಯಾಕಂದ್ರ ಹಾಸ್ಟೆಲಿನ ಹುಡುಗರು ಅದನ್ನು ಎತ್ತಿಕೊಂಡರು. ಆ ಸಿಟ್ಟು ಉಂಡೇ ದಲಿತ ಸಂಘರ್ಷ ಸಮಿತಿ ಬೆಳೆಯಿತು.

ಎತ್ತಿಕೊಳ್ಳುವವರು ಕಡಿಮೆಯಾದರೆ ಏನಾಗುತ್ತದೆ? ನಮ್ಮ ಜಿಲ್ಲೆಯ ಬಸವಕಲ್ಯಾಣವನ್ನೇ ನೋಡಿ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಬೀಗರಾದದ್ದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಶರಣರ ಕಥೆ ಹೇಳುತ್ತದೆ. ಎಂಟು ನೂರು ವರ್ಷ ಕಳೆದವು. ಆ ಬೀಗತನ ಮುಂದುವರಿಸಿದ ಮನೆಗಳು ನಿಮ್ಮೂರಲ್ಲಿ ಎಷ್ಟಿವೆ, ಎಣಿಸಿ ಹೇಳಿ.

ಗೆಳೆಯರೇ, ಮೊದಲು ಇಲ್ಲ ಅನ್ನುವವರು ಯಾವ ಕೇರಿಯಲ್ಲಿ, ಯಾವ ದಿನ ಎದ್ದು ನಿಲ್ಲುತ್ತಾರೋ ಹೇಳಲಿಕ್ಕಾಗದು. ಅವರ ಹಿಂದೆ ಎರಡನೆಯವರು ಯಾರು ಅನ್ನುವುದು ನಮ್ಮ ಕೈಲಿದೆ. ರಜೆಗೆ ಊರಿಗೆ ಹೋಗುತ್ತೀರಿ. ಹೊರಗೆ ಕಪ್ಪು ಕಂಡರೆ ಒಬ್ಬರೇ ಹೋಗಬೇಡಿ. ಹತ್ತು ಮಂದಿ ಕೂಡಿ ಹೋಗಿ ಒಳಗೆ ಕುಂದ್ರಿ. ಕೊಡದಿದ್ದರೆ ಠಾಣೆಗೆ ಬರೆದುಕೊಡಿ, ಈ ಪತ್ರಿಕೆಗೂ ಬರೆಯಿರಿ. ಆ ರಾತ್ರಿ ಸ್ಟೆನ್ಸಿಲ್ ಮಾಡುವ ಕೆಲಸ ನನ್ನದು.

ಕಾಕಾ ಇನ್ನೂ ಹೈದರಾಬಾದಿನಲ್ಲೇ ಇದ್ದಾನೆ. ಅವನ ಸಂಗಡ ನಮ್ಮೂರ ಹೋಟೆಲಿನ ಒಳಗ ಕುಂತು ಚಹಾ ಕುಡಿಯೋದು ನನಗಿನ್ನೂ ಬಾಕಿ ಅದ.

ಜೈ ಭೀಮ್.